ನಾನೂರ ಹದಿನೇಳನೆಯ ಕಲ್ಲು

೯ ಫೆಬ್ರವರಿ ೧೯೮೩, ಬುಧವಾರ

ನಿವೃತ್ತಿಯ ವಯಸ್ಸನ್ನು ಐವತ್ತೆಂಟರಿಂದ ಐವತ್ತೈದಕ್ಕೆ ಇಳಿಸಿದ್ದಾರೆ. ಐವತ್ತೈದು ದಾಟಿದವರೆಲ್ಲ ಇದೇ ಇಪ್ಪತ್ತೆಂಟಕ್ಕೆ ಮನೆಗೆ. ನನಗೆ ಐವತ್ತಾರು. ಹೊಸ ಸರ್ಕಾರ ಬಂದು ತಿಂಗಳಾಗಿದೆ, ಅಷ್ಟರಲ್ಲಿ ಅದಕ್ಕೆ ಈ ಕೃಷ್ಣಾಬಾಯಿಯ ಹುಟ್ಟಿದ ತಾರೀಖು ಹೇಗೆ ಗೊತ್ತಾಯಿತೋ! ಅಣ್ಣನ ಹೆಂಡತಿ ವೈನಿಗೆ ಹಾಗೆಂದರೆ ನಕ್ಕರು. "ನಿನ್ನಂಥಾರು ಸಾವಿರಾರು ಮಂದಿ ಇದ್ದಾರ. ನಿನ್ನೊಬ್ಬಾಕಿ ಸಲುವಾಗಿ ಕಾನೂನು ಮಾಡ್ಯಾರೇನು?" ಅಂದರು. ಇಲ್ಲದಿರಬಹುದು. ಅಣ್ಣ ಹೋದ ಮೇಲೆ ಕಾಚಿಗೂಡದ ಈ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ; ಅವರ ನಗು ನನಗೆ ಮದ್ದಿದ್ದಂತೆ. ಇವತ್ತು ಮದ್ದೂ ಕಹಿಯಾಗಿತ್ತು.

ಇನ್ನು ಹತ್ತೊಂಬತ್ತು ದಿನದಲ್ಲಿ ಗುಂಡ್ಲಗುಟ್ಟದ ಮ್ಯೂಸಿಯಮ್ಮಿನ ಸಾವಿರದ ನೂರ ನಲವತ್ತು ಕಲ್ಲುಗಳನ್ನು ಬೇರೆಯವರಿಗೆ ಒಪ್ಪಿಸಬೇಕು. ಬೇಟೆಯಾಡಿ ಬದುಕಿದ ಆದಿಮಾನವರು ಅಲ್ಲಿನ ಹಳ್ಳದ ದಂಡೆಯಲ್ಲಿ ಕೂತು ಒಡೆದು ಮಾಡಿಕೊಂಡ ಕೈಕೊಡಲಿಗಳು, ಚರ್ಮ ಹೆರೆಯುವ ಚಕ್ಕೆಗಳು. ಮಾಡಿದವರು ಅವರು, ಒಂದೊಂದಕ್ಕೂ ನಂಬರು ಬರೆದವಳು ನಾನು. ಕಲ್ಲು ತೊಳೆಯುವುದು, ಒಣಗಿಸುವುದು, ಇಂಡಿಯನ್ ಇಂಕಿನಲ್ಲಿ ಸಣ್ಣ ನಿಬ್ಬಿನಿಂದ ಬರೆಯುವುದು, ಮೇಲೆ ವಾರ್ನಿಶ್ ಹಚ್ಚುವುದು. ಹದಿನಾರು ವರ್ಷದಲ್ಲಿ ಒಂದು ನಂಬರೂ ತಪ್ಪಿಲ್ಲ. ಈ ಮಾತನ್ನು ಯಾವ ಸಾಹೇಬರೂ ನನ್ನ ಕಡತದಲ್ಲಿ ಬರೆದಿರಲಾರರು, ಆದ್ದರಿಂದ ನಾನೇ ಇಲ್ಲಿ ಬರೆದಿಟ್ಟಿದ್ದೇನೆ.

೧೦ ಫೆಬ್ರವರಿ, ಗುರುವಾರ

ನಿನ್ನೆ ಪೇಪರಿನಲ್ಲಿ ಸುದ್ದಿ, ಇವತ್ತು ನನ್ನ ಕುರ್ಚಿಗೆ ಬರುವವ ಬಂದು ನಿಂತಾಯಿತು. ದತ್ತಾತ್ರೇಯ ಅಂತ ಹೆಸರು, ಬೀದರದ ಕಡೆಯವ, ಮೂವತ್ತರ ಆಸುಪಾಸು. ಒಂದೇ ದಿನದಲ್ಲಿ ಇಲಾಖೆಯಲ್ಲಿ ಕಾಗದ ಸರಿದದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಇವನಿಗೆ ಮೊದಲೇ ಗೊತ್ತಿತ್ತು.

"ಎಣಿಸಿದರ ಸಾಲೂದಿಲ್ರಿ ಬಾಯಾರ, ಒಂದೊಂದೂ ತೂಗಿ ರಿಜಿಸ್ಟರಿಗೆ ತಾಳೆ ನೋಡೂಣು" ಎಂದ. ಪ್ರತಿ ವರ್ಷದ ತಪಾಸಣೆ ಎಂದರೆ ಇಲ್ಲಿ ತಲೆ ಎಣಿಸುವುದಷ್ಟೇ. ಇವನಿಗೇಕೆ ತೂಕ? ನನ್ನನ್ನು ಸಿಕ್ಕಿಸಿಹಾಕಲು ಯಾರೋ ಹೇಳಿ ಕಳಿಸಿದ್ದಾರೆ.

ಅಟೆಂಡರ್ ಮಲ್ಲಣ್ಣ ಅವನಿಗೆ ಮಡಕೆಯಿಂದ ನೀರು ತಂದುಕೊಟ್ಟ. ನನ್ನನ್ನು ಕೇಳಲಿಲ್ಲ. ನಾನು ಮನೆಯಿಂದ ತಂಬಿಗೆಯಲ್ಲಿ ನೀರು ಒಯ್ಯುತ್ತೇನೆ. ಮಲ್ಲಣ್ಣ ಸೇಡಂ ಕಡೆಯ ಕಲ್ಲು ಒಡೆಯುವವರ ಮನೆಯವನು. ಅವನು ತುಂಬಿದ ಮಡಕೆಯನ್ನು ನಾನು ಮುಟ್ಟುವವಳಲ್ಲ. ಅವನು ಕೇಳುವುದಿಲ್ಲ, ನಾನು ಹೇಳುವುದಿಲ್ಲ, ಹದಿನಾರು ವರ್ಷ ಹೀಗೇ ನಡೆದಿದೆ.

೧೨ ಫೆಬ್ರವರಿ, ಶನಿವಾರ

ಗುರುವಾರ ಶುರುವಾದ ತೂಗುವ ಕೆಲಸ ಇವತ್ತೂ ನಡೆಯಿತು.

ಮಲ್ಲಣ್ಣ ಕಲ್ಲು ತಂದಿಡುವುದು, ನಾನು ತಕ್ಕಡಿಗಿಟ್ಟು ರಿಜಿಸ್ಟರಿನ ಸಾಲು ಓದುವುದು, ದತ್ತಾತ್ರೇಯ ತನ್ನ ಪಟ್ಟಿಯಲ್ಲಿ ಗುರುತು ಹಾಕುವುದು. ಮಧ್ಯಾಹ್ನದ ತನಕ ಎಲ್ಲ ಸರಿ. ಆಮೇಲೆ ೪೧೭ ಬಂತು. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಒಂದಾಗಿ ಕೂತಿರುವ ಬಿಳಿ ಬೆಣಚುಕಲ್ಲಿನ ಕೈಕೊಡಲಿ, ನಮ್ಮ ಮ್ಯೂಸಿಯಮ್ಮಿನ ರಾಣಿ. ಶಾಲೆಯ ಮಕ್ಕಳು ಮೊದಲು ಓಡುವುದೇ ಅದರ ಹತ್ತಿರ.

ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ: ತೂಕ ೬೧೨ ಗ್ರಾಂ, ಬುಡದಲ್ಲಿ ಕೆಂಪು ಗೆರೆ. ತಕ್ಕಡಿ ೫೪೮ ಎನ್ನುತ್ತಿತ್ತು. ತಿರುಗಿಸಿ ಮುರುಗಿಸಿ ನೋಡಿದೆ, ಕೆಂಪು ಗೆರೆ ಇಲ್ಲ. ಕಲ್ಲು ಹಾಲಿನಂತೆ ಬೆಳ್ಳಗಿತ್ತು. ಮೇಲಿನ ೪೧೭ ಮಾತ್ರ ನನ್ನದೇ ಕೈ. ಏಳರ ಬಾಲ ಒಳಕ್ಕೆ ತಿರುಗಿಸುವುದು ನಾನೊಬ್ಬಳೇ.

ದತ್ತಾತ್ರೇಯ ಪೆನ್ಸಿಲ್ ಚೂಪು ಮಾಡುತ್ತಿದ್ದ. "ಆರುನೂರ ಹನ್ನೆರಡು, ಸರಿ" ಎಂದುಬಿಟ್ಟೆ. ಅವನು ಗುರುತು ಹಾಕಿದ. ಮಲ್ಲಣ್ಣ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ. ಕಲ್ಲನ್ನು ಎತ್ತಿಕೊಂಡು ಹೋಗುವಾಗ ಅದನ್ನೊಮ್ಮೆ ಹೆಬ್ಬೆಟ್ಟಿನಿಂದ ಸವರಿದ. ನಾನು ನೋಡಿದೆ.

೧೩ ಫೆಬ್ರವರಿ, ಭಾನುವಾರ

ಯೋಚಿಸಿದಷ್ಟೂ ಸ್ಪಷ್ಟವಾಗುತ್ತಿದೆ. ಗಾಜಿನ ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿರುತ್ತದೆ ನಿಜ, ಆದರೆ ಊಟಕ್ಕೆ ಕೂತಾಗ ಮೇಜಿನ ಮೇಲಿಡುತ್ತೇನೆ. ಮಲ್ಲಣ್ಣನಿಗೆ ಕಲ್ಲು ಒಡೆಯುವುದು ಹುಟ್ಟಿನಿಂದ ಬಂದ ವಿದ್ಯೆ. ಈ ಜಾಗವನ್ನು ಅಗೆಸಿದ ಗುರುಸಿದ್ದಪ್ಪ ಸಾಹೇಬರು, ಆದಿಮಾನವರು ಹೇಗೆ ಒಡೆಯುತ್ತಿದ್ದರು ಎಂದು ತಿಳಿಯಲು ಇವನ ಕೈಯಲ್ಲೇ ನಕಲು ಮಾಡಿಸುತ್ತಿದ್ದರು. ಆ ನಕಲುಗಳೇ ಈಗ ಬಾಗಿಲ ಬಳಿ ಮುಟ್ಟುವ ತಟ್ಟೆಯಲ್ಲಿವೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ ಎಂದು ಇಟ್ಟದ್ದು. ಅಸಲನ್ನು ಕದ್ದು ನಕಲನ್ನು ಕೂರಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ.

ಇವತ್ತು ಅವನ ಮೇಲೆಯೇ ಕಣ್ಣಿಟ್ಟಿದ್ದೆ. ತಟ್ಟೆ ಬಿಟ್ಟು ಕದಲುವುದಿಲ್ಲ ಆಸಾಮಿ. ಮೊದಲೆಲ್ಲ ಕೆಲಸಗಳ್ಳತನ ಅಂದುಕೊಂಡಿದ್ದೆ. ಕರಿಕಲ್ಲುಗಳನ್ನು ಮಕ್ಕಳಿಗೆ ತೋರಿಸಿ "ನೇನೇ ಚೇಸಿನ" ಎಂದು ತೆಲುಗಿನಲ್ಲಿ ಎದೆ ತಟ್ಟಿಕೊಳ್ಳುತ್ತಾನೆ, ನಾನೇ ಮಾಡಿದ್ದು ಅಂತ. ಅದೇ ತಟ್ಟೆಯಲ್ಲಿ ಕೊಳಕು ಹಿಡಿದ ಒಂದು ಬಿಳಿಕಲ್ಲೂ ಇದೆ. ಅದನ್ನು ಕೊಡುವಾಗ ಮಾತಿಲ್ಲ. ಎರಡೂ ಕೈಯಿಂದ ಕೊಡುತ್ತಾನೆ, ಎರಡೂ ಕೈಯಿಂದ ತಿರುಗಿ ಇಸಿದುಕೊಳ್ಳುತ್ತಾನೆ.

ಸಂಜೆ ಬಾಗಿಲು ಹಾಕುವ ಮೊದಲು ಏನನ್ನೋ ಟವೆಲಿನಲ್ಲಿ ಸುತ್ತಿ ತನ್ನ ಕಾವಲು ಕೋಣೆಗೆ ಒಯ್ದ. ಯಾಕಿರಬಹುದು?

೧೪ ಫೆಬ್ರವರಿ, ಸೋಮವಾರ

ಮತ್ತೆ ಅದೇ ಗಂಟು.

೧೬ ಫೆಬ್ರವರಿ, ಬುಧವಾರ

ಕೊನೆಗೆ ಕೇಳಿಯೇಬಿಟ್ಟೆ. ದತ್ತಾತ್ರೇಯ ಊಟಕ್ಕೆ ಹೋಗಿದ್ದ.

"ಮಲ್ಲಣ್ಣ, ನಾನೂರ ಹದಿನೇಳು ಎಲ್ಲಿ ಅದ?"

"ಗಾಜಿನ್ಯಾಗ ಐತಲ್ರಿ ಬಾಯಾರ."

"ನಾ ಕೇಳಿದ್ದು ಖರೇದ್ದು."

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಇನ್ನ ಹನ್ನೆರಡು ದಿನ ಉಳದಾವ. ಯಾಕ ಕೆದಕತೀರಿ, ಬಿಟ್ಟಬಿಡ್ರಿ" ಎಂದ.

ಬಿಟ್ಟುಬಿಡಬೇಕಂತೆ! ನಾನು ಮನೆಗೆ ಹೋದ ಮೇಲೆ ಕೇಳುವವರು ಯಾರೂ ಇರುವುದಿಲ್ಲ ಎನ್ನುವ ಧೈರ್ಯ. ಮುಂದೆ ಯಾರಾದರೂ ಪತ್ತೆ ಹಚ್ಚಿದರೆ ಹೆಸರು ಕೆಡುವುದು ನನ್ನದು. ಕಲ್ಲಿನ ಮೇಲೆ ನನ್ನ ಅಕ್ಷರವಿದೆಯಲ್ಲ.

೧೮ ಫೆಬ್ರವರಿ, ಶುಕ್ರವಾರ. ರಜೆ

ವೈನಿಗೆ ಎಲ್ಲ ಹೇಳಿದೆ. ಅವರು ಶೇಂಗಾ ಹುರಿಯುತ್ತಿದ್ದರು.

"ನೀ ಕಣ್ಣಾರೆ ನೋಡಿದ್ಯಾ, ಅವ ತಗೊಂಡದ್ದು?"

"ನೋಡಬೇಕೇನು? ಟವೆಲ್ಲಿನ್ಯಾಗ ದಿನಾ ಏನೋ ಕಟ್ಟಿಕೊಂಡು ಹೋಗತಾನ."

"ಕೃಷ್ಣಾ, ಹಾಲಿನವ ಅಳತಿ ಕದೀತಾನ ಅಂತನೂ ಹಿಂಗ ಅಂದಿದ್ದಿ. ಆಮ್ಯಾಲ ನಮ್ಮ ಹಾಲಿನ ಚರಗಿನೇ ತೂತಾಗಿತ್ತು."

ಹಾಲಿನವನ ಮಾತು ಬೇರೆ, ಇದು ಬೇರೆ. ಮಲ್ಲಣ್ಣ ಮ್ಯೂಸಿಯಮ್ಮಿನ ಕಲ್ಲು ಕದ್ದು ಒಯ್ಯುತ್ತಾನೆ ಎಂದು ದೂರು ಬರೆದೆ. ಒಂದೂವರೆ ಪುಟ, ಚೊಕ್ಕ ಇಂಗ್ಲಿಷಿನಲ್ಲಿ. ಹನ್ನೆರಡನೆಯ ತಾರೀಖು ನಾನು "ಸರಿ" ಎಂದದ್ದನ್ನು ಬರೆಯಲಿಲ್ಲ. ತೂಕದ ಮಾತನ್ನೇ ಎತ್ತಲಿಲ್ಲ. ಅದರ ಅಗತ್ಯ ಕಾಣಲಿಲ್ಲ.

೧೯ ಫೆಬ್ರವರಿ, ಶನಿವಾರ

ಸಿಕ್ಕಿಬಿದ್ದ!

ದೂರು ಓದಿ ದತ್ತಾತ್ರೇಯನ ಮುಖ ಸಣ್ಣಗಾಯಿತು. ಮೂವರೂ ಕಾವಲು ಕೋಣೆಗೆ ಹೋದೆವು. ಮಲ್ಲಣ್ಣನ ತಗಡಿನ ಪೆಟ್ಟಿಗೆಯಲ್ಲಿ ಒಂದು ಜೊತೆ ಬಟ್ಟೆ, ಹೆಂಡತಿ ಗುಣವತಿಯ ಫೋಟೋ, ಟವೆಲಿನಲ್ಲಿ ಸುತ್ತಿದ ಬಿಳಿಕಲ್ಲು. ಮುಟ್ಟುವ ತಟ್ಟೆಯದೇ, ನಂಬರಿಲ್ಲದ್ದು.

"ಇದನ್ಯಾಕ ಇಲ್ಲಿ ಇಟ್ಟೀದಿ?" ಎಂದು ದತ್ತಾತ್ರೇಯ ಕೇಳಿದ. ಮಲ್ಲಣ್ಣ ನನ್ನ ಕಡೆ ನೋಡಿದ, ಅವನ ಕಡೆ ನೋಡಲಿಲ್ಲ. ನಾನು ಕಲ್ಲನ್ನು ಎತ್ತಿಕೊಂಡಾಗ ಮಾತ್ರ, "ಕೆಳಗ ಬೀಳಸಬ್ಯಾಡ್ರಿ ಬಾಯಾರ" ಎಂದ.

ನಕಲೇ ಇರಲಿ, ಸರ್ಕಾರದ ಸೊತ್ತು. ಒಂದನ್ನು ಕಟ್ಟಿಟ್ಟವನು ಇನ್ನೊಂದನ್ನು ಬಿಟ್ಟಾನೆಯೇ? ದತ್ತಾತ್ರೇಯ ಕಾವಲು ಕೋಣೆಯ ಕೀಲಿ ಇಸಿದುಕೊಂಡು, ವಿಚಾರಣೆ ಆಗುವ ತನಕ ಬರಬೇಡ ಎಂದ. ಅವನು ಹೋಗುವ ಮೊದಲು ಮಡಕೆ ತುಂಬಿಸಿ ಮುಚ್ಚಳ ಹಾಕಿ ಹೋದ. ಒಳ್ಳೆಯವನೆಂದು ತೋರಿಸಿಕೊಳ್ಳಲು ಮಾಡಿದ್ದು.

ನನಗೆ ಖುಷಿಯಾಗಬೇಕಿತ್ತು. ಬಸ್ಸಿನ ಧೂಳಿಗೋ ಏನೋ, ತಲೆ ಸಿಡಿಯುತ್ತಿದೆ.

೨೧ ಫೆಬ್ರವರಿ, ಸೋಮವಾರ

ವಿಚಾರಣೆಯ ಕಡತಕ್ಕೆ ಆ ಬಿಳಿಕಲ್ಲಿನ ವಿವರ ಬರೆದುಕೊಡಲು ದತ್ತಾತ್ರೇಯ ಹೇಳಿದ. ಸಾಬೂನು ಹಚ್ಚಿ ತೊಳೆದೆ. ಎಷ್ಟು ಮಕ್ಕಳ ಕೈ ಕೊಳೆಯೋ, ಮೂರು ಸಲ ನೀರು ಕಪ್ಪಾಯಿತು. ತಕ್ಕಡಿಗೆ ಇಟ್ಟೆ.

೬೧೨ ಗ್ರಾಂ.

ತಿರುಗಿಸಿ ನೋಡಿದೆ. ಬುಡದಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ.

ಅಂದರೆ ಅಸಲು ಇದು. ದತ್ತಾತ್ರೇಯನಿಗೆ ಹೇಳಲಿಲ್ಲ. ಹಾಗಾದರೆ ಮಲ್ಲಣ್ಣ ಕದ್ದು ಮಾರಿಲ್ಲ, ಕದ್ದು ಬಾಗಿಲ ಬಳಿ ಎಲ್ಲರ ಕೈಗೆ ಸಿಗುವಂತೆ ಇಟ್ಟಿದ್ದಾನೆ. ಯಾವ ಕಳ್ಳ ಹೀಗೆ ಮಾಡುತ್ತಾನೆ? ಗಾಜಿನೊಳಗಿನ ನಕಲಿನ ಮೇಲೆ ನನ್ನ ಅಕ್ಷರವನ್ನು ನಕಲು ಮಾಡಿದವರು ಯಾರು? ಅವನಿಗೆ ಓದುಬರಹ ಬಾರದು. ದತ್ತಾತ್ರೇಯನೇ? ಅವನು ಬಂದು ಹನ್ನೊಂದು ದಿನ. ಆ ವಾರ್ನಿಶ್ ಹಳದಿಯಾಗಿ ವರ್ಷಗಳೇ ಆಗಿವೆ.

ನಾಳೆ ಹಳೆಯ ಟ್ರಂಕು ತೆಗೆಯಬೇಕು. ಅರವತ್ತೇಳರ ದಿನಚರಿ ಅದರಲ್ಲಿದೆ. ಅವನು ಆಗಲೇ ಏನಾದರೂ ಕಿತಾಪತಿ ಮಾಡಿದ್ದರೆ ಖಂಡಿತ ಬರೆದಿರುತ್ತೇನೆ. ನಾನು ಬರೆಯದೆ ಬಿಡುವವಳಲ್ಲ.

೨೨ ಫೆಬ್ರವರಿ, ಮಂಗಳವಾರ

ಬರೆದಿದ್ದೇನೆ. ಇಲ್ಲಿ ಹಾಗೆಯೇ ಇಳಿಸುತ್ತೇನೆ.

"೧೮ ಮಾರ್ಚ್ ೧೯೬೭. ಮಧ್ಯಾಹ್ನ ಸುಂಟರಗಾಳಿ. ತೊಳೆದು ಗೋಣಿತಾಟಿನ ಮೇಲೆ ಸಾಲಾಗಿ ಒಣಗಿಸಿದ್ದ ಕಲ್ಲುಗಳ ಕೆಳಗಿನ ನಂಬರಿನ ಚೀಟಿಗಳು ಹಾರಿದವು. ಆರು ಚೀಟಿ. ಐದರ ಜಾಗ ನೆನಪಿತ್ತು. ೪೧೭ ಬಿಳಿಯದು ಅಂತ ನೆನಪು, ಆದರೆ ಬಿಳಿಯವು ಎರಡಿದ್ದವು. ಮಲ್ಲಣ್ಣ ಮಾಡಿದ ನಕಲೂ ಅಲ್ಲೇ ತುದಿಯಲ್ಲಿತ್ತೋ ಏನೋ. ಚೆಂದವಾಗಿದ್ದುದರ ಕೆಳಗೆ ಇಟ್ಟು ನಂಬರು ಬರೆದುಬಿಟ್ಟೆ. ಸಾಹೇಬರಿಗೆ ಜ್ವರ, ಕೇಳುವ ಹಾಗಿಲ್ಲ. ನನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ. ಯಾರಿಗೂ ಹೇಳುವ ಅಗತ್ಯವಿಲ್ಲ."

ತೂಕವನ್ನೂ ಕೆಂಪು ಗೆರೆಯನ್ನೂ ಸಾಹೇಬರು ಕಲ್ಲು ಸಿಕ್ಕ ದಿನವೇ ತಮ್ಮ ನೋಟುಬುಕ್ಕಿನಲ್ಲಿ ಬರೆದಿದ್ದರು. ಅದನ್ನು ನೋಡಿ ನಾನು ರಿಜಿಸ್ಟರಿಗೆ ಇಳಿಸಿದೆ, ಕಲ್ಲನ್ನು ನೋಡಲಿಲ್ಲ. ಮುಂದಿನ ತಿಂಗಳೇ ಸಾಹೇಬರು ತೀರಿಕೊಂಡರು. ಇಷ್ಟು ವರ್ಷ ಇದೊಂದು ನನಗೆ ನೆನಪೇ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆಯಿಲ್ಲ.

೨೩ ಫೆಬ್ರವರಿ, ಬುಧವಾರ

ಮೈ ಸರಿಯಿಲ್ಲವೆಂದು ರಜೆ ಹಾಕಿದೆ. ವೈನಿ ಸ್ನಾನದ ನೀರಿಗೆ ಒಲೆ ಹೊತ್ತಿಸಿದ್ದರು. ಆ ಒಂದು ಹಾಳೆ ಹರಿದು ಒಲೆಗೆ ಹಾಕಿದರೆ ಮುಗಿಯಿತು. ದಿನಚರಿ ತೆರೆದು ಆ ಹಾಳೆ ಹಿಡಿದುಕೊಂಡು ಒಲೆಯ ಮುಂದೆ ಕೂತೆ. ಹರಿದರೆ ದಾರ ಬಿಚ್ಚಿ ಇಡೀ ಪುಸ್ತಕ ಹಾಳಾಗುತ್ತಿತ್ತು. ಅದಕ್ಕೇ ಬಿಟ್ಟೆ, ಬೇರೇನಲ್ಲ.

೨೫ ಫೆಬ್ರವರಿ, ಶುಕ್ರವಾರ. ರಜೆ

ಮಲ್ಲಣ್ಣನ ಮನೆಗೆ ಹೋಗಿ ಬಂದೆ. ಕುಷಾಯಿಗೂಡದಲ್ಲಿ ಬಸ್ಸಿಳಿದು, ಫ್ಯಾಕ್ಟರಿಯ ಗೋಡೆ ಮುಗಿದ ಮೇಲೆ ಅರ್ಧ ಮೈಲಿ ನಡಿಗೆ, ಬಿಸಿಲೋ ಬಿಸಿಲು. ಬಾಗಿಲಲ್ಲಿ ನನ್ನನ್ನು ಕಂಡು ಗುಣವತಿ ಸೆರಗು ಹೊದ್ದುಕೊಂಡಳು. ಪೊಲೀಸರನ್ನೂ ಕರೆತಂದಿದ್ದೇನೆಯೇ ಎಂದು ನನ್ನ ಬೆನ್ನ ಹಿಂದೆ ಇಣುಕಿದಳು. ಕುಡಿಯಲು ಕೊಟ್ಟಳು. ಅವಳ ತಂಬಿಗೆ ನಮ್ಮದಕ್ಕಿಂತ ಚೊಕ್ಕವಾಗಿ ಬೆಳಗಿತ್ತು.

ಮಲ್ಲಣ್ಣ ಕಟ್ಟೆಯ ಮೇಲೆ ಕೂತಿದ್ದ. ಎದ್ದು ನಿಂತ.

"ನಿನಗ ಗೊತ್ತಿತ್ತು" ಎಂದೆ.

"ಹೌದ್ರಿ."

"ಯಾವಾಗಿಂದ?"

"ಗಾಜಿನ್ಯಾಗ ಇಟ್ಟ ದಿನದಿಂದ. ನಾ ಒಡದ ಕಲ್ಲು ನನಗ ಗುರುತು ಹತ್ತೂದಿಲ್ಲೇನ್ರಿ?"

"ಮತ್ತ್ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ನೌಕರಿ ಹೋಗತಿತ್ತು. ಗಂಡ ಇಲ್ಲದ ಹೆಣಮಗಳು ಅಂತ ಸಾಹೇಬರು ನಿಮ್ಮನ್ನ ತಗೊಂಡಿದ್ರು." ತಲೆ ಕೆರೆದುಕೊಂಡು ನಕ್ಕ. "ಸುಳ್ಳ ಯಾಕ ಹೇಳಲಿ? ನನ್ನ ಕಲ್ಲು ಅಷ್ಟ ಚಂದ ದೀಪದ ಕೆಳಗ ಕುಂತಿತ್ತು. ದೊಡ್ಡ ದೊಡ್ಡ ಮಂದಿ ಬಂದು ನೋಡಿ ತಲಿ ಆಡಸತಿದ್ರು. ನನಗೂ ಭಾಳ ಖುಷಿ ಆಗತಿತ್ತು ಬಾಯಾರ."

"ಖರೇದ್ದನ್ನ ಮಕ್ಕಳ ಕೈಯಾಗ ಕೊಟ್ಟೆಲ್ಲೋ!"

"ನಂಬರ್ ಇಲ್ಲದ ಕಲ್ಲು ಅಂತ ಹಿತ್ತಲಾಗ ಬಿಸಾಕಿದ್ರು, ನಾನೇ ಆರಿಸಿ ತಂದೆ. ಮೂಲ್ಯಾಗ ಬೀಳೂದಕ್ಕಿಂತ ಕೂಸುಗಳ ಕೈಯಾಗ ಇರಲಿ ಅಂದೆ. ಕಾಯಾಕ ನಾ ಇದ್ನಲ್ರಿ. ಒಂದ ದಿನಾ ಕೆಳಗ ಬಿದ್ದಿಲ್ಲ. ರಾತ್ರಿ ತಟ್ಯಾಗ ಬಿಡಾಕ ಮನಸ ಬರತಿರಲಿಲ್ಲ, ಪೆಟಗ್ಯಾಗ ಇಡತಿದ್ದೆ."

ಇದೆಲ್ಲ ಕಟ್ಟಿದ ಕಥೆಯಿರಬಹುದೇ ಎಂದು ದಾರಿಯುದ್ದಕ್ಕೂ ತಿರುವಿ ಹಾಕಿ ನೋಡಿದೆ. ಎಲ್ಲಿಯೂ ತೂತು ಸಿಗಲಿಲ್ಲ. ಶನಿವಾರ ಅಷ್ಟೆಲ್ಲ ನಡೆದಾಗಲೂ ಅವನು ನನ್ನ ಹೆಸರೆತ್ತಲಿಲ್ಲ. ನಾಚಿಕೆಯಾಗುತ್ತಿದೆ.

೨೬ ಫೆಬ್ರವರಿ, ಶನಿವಾರ

ದತ್ತಾತ್ರೇಯನ ಮುಂದೆ ಅರವತ್ತೇಳರ ದಿನಚರಿ ತೆರೆದಿಟ್ಟೆ. ಹನ್ನೆರಡನೆಯ ತಾರೀಖಿನ ಸುಳ್ಳು "ಸರಿ"ಯನ್ನೂ ಹೇಳಿದೆ. ಎರಡು ಸಲ ಓದಿದ. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಬಾಯಾರ, ಎರಡು ದಿನ ಸುಮ್ಮನ ಕೂಡ್ರಿ. ಸೋಮವಾರ ಹಾರ ಹಾಕಿ ಕಳಸತೀವಿ. ಇದನ್ನ ಬರದುಕೊಟ್ರ ನಿಮ್ಮ ಪೆನ್ಶನ್ನಿನ ಕಾಗದ ನಿಲ್ಲಸತಾರ, ಯಾವಾಗ ಬಿಡತಾರೋ ದೇವರೇ ಬಲ್ಲ. ಕಲ್ಲು ಎರಡೂ ಇಲ್ಲೇ ಅವ. ನಾ ಸಾವಕಾಶ ಬದಲಿ ಮಾಡತೀನಿ."

"ಮಲ್ಲಣ್ಣ?"

"ಅವನ ವಿಚಾರಣಿ ಅದರ ಪಾಡಿಗೆ ಅದು ನಡೀತದ. ಕಲ್ಲು ಸಿಕ್ಕದ್ದು ಅವನ ಪೆಟಗ್ಯಾಗೇ ಅಲ್ಲೇನ್ರಿ?"

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಅನ್ನಿಸಿತು. ಮುಖವನ್ನು ಚೆನ್ನಾಗಿ ನೋಡಿದೆ. ಇಲ್ಲ, ನಿಜವಾಗಿಯೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಒಪ್ಪಿಕೊಳ್ಳುವುದು ಅಷ್ಟು ಸುಲಭವಾಗಿತ್ತು. ಒಂದು ಗಳಿಗೆ ಒಪ್ಪಿಯೇಬಿಟ್ಟಿದ್ದೆ. ಎದ್ದು ಹೋಗಿ ಮಡಕೆಯಿಂದ ಎರಡು ಲೋಟ ನೀರು ಕುಡಿದು ಬಂದು ಕೂತೆ.

"ಕಾಗದ ಕೊಡ್ರಿ" ಎಂದೆ. ಈ ಸಲ ಅರ್ಧ ಪುಟದಲ್ಲಿ ಮುಗಿಯಿತು. ಮಲ್ಲಣ್ಣನ ಮೇಲಿನ ದೂರು ಸುಳ್ಳು, ತಪ್ಪು ನನ್ನದು, ತಾರೀಖು ೧೮ ಮಾರ್ಚ್ ೧೯೬೭. ದಿನಚರಿಯ ಆ ಹಾಳೆಯನ್ನೂ ಬಿಚ್ಚಿ ಜೊತೆಗೆ ಲಗತ್ತಿಸಿದೆ. ಪುಸ್ತಕದ ದಾರ ಬಿಚ್ಚಿತು. ಬಿಚ್ಚಲಿ.

೨೮ ಫೆಬ್ರವರಿ, ಸೋಮವಾರ

ಹಾರ ಹಾಕಿದರು. ಚೆಂಡುಹೂವಿನದು, ಕೆರೆತ ತರುವಂಥದು. ಪೆನ್ಶನ್ನಿನ ಕಾಗದ ನಿಂತಿದೆ. ವಿಚಾರಣೆ ಈಗ ನನ್ನ ಹೆಸರಿನಲ್ಲಿದೆ. ವೈನಿಗೆ ಹೇಳಿದರೆ, "ಚರಗಿ ನಮ್ಮದೇ ತೂತು ಅಂತ ಈ ಸಲ ನೀನೇ ಹೇಳಿದೆಲ್ಲ, ಸಾಕು. ಇಬ್ಬರ ಗಂಜಿಗೆ ನಿಮ್ಮಣ್ಣನ ಪೆನ್ಶನ್ ಬರತದ" ಅಂದರು. ಅತ್ತುಬಿಟ್ಟೆ.

ಮಲ್ಲಣ್ಣ ಬೆಳಿಗ್ಗೆಯೇ ಬಂದಿದ್ದ, ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು. ಗಾಜಿನ ಪೆಟ್ಟಿಗೆ ತೆಗೆದು ಅವನ ಕಲ್ಲನ್ನು ಹೊರಗಿಟ್ಟೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ವಾರ್ನಿಶ್ ಒರೆಸಿ ನನ್ನ ೪೧೭ನ್ನು ಅಳಿಸಿದೆ. ಅಸಲಿನ ಮೇಲೆ ಹೊಸದಾಗಿ ಬರೆದೆ. ಏಳರ ಬಾಲ ಸೊಟ್ಟಗಾಯಿತು. ಇನ್ನು ಮುಂದೆ ಅದು ಹಾಗೆಯೇ ಇರುತ್ತದೆ.

"ನಿನ್ನ ಕಲ್ಲಿಗೂ ಒಂದು ನಂಬರ್ ಬರೀಲೇನು?" ಎಂದು ಕೇಳಿದೆ.

"ಬ್ಯಾಡ್ರಿ ಬಾಯಾರ. ನಂಬರ್ ಬಿದ್ರ ಮತ್ತ ಒಳಗ ಇಡತಾರ."

ದೀಪದ ಕೆಳಗೆ ಹದಿನೈದು ವರ್ಷ ಕೂತಿದ್ದ ಕಲ್ಲನ್ನು ಅವನೇ ಎತ್ತಿ ಮುಟ್ಟುವ ತಟ್ಟೆಯಲ್ಲಿಟ್ಟ. ಇಟ್ಟ ಮೇಲೆ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ನಾನು ರಿಜಿಸ್ಟರಿನಲ್ಲಿ ತಲೆ ಬಗ್ಗಿಸಿದ್ದೆ, ನೋಡಿದ್ದು ಅವನಿಗೆ ಗೊತ್ತಾಗಬಾರದು ಎಂದು.

ಕೀಲಿಗೊಂಚಲು ದತ್ತಾತ್ರೇಯನಿಗೆ ಒಪ್ಪಿಸಿ, ಸಹಿ ಹಾಕಿ, ಮಲ್ಲಣ್ಣ ತಂದುಕೊಟ್ಟ ನೀರು ಕುಡಿದು ಹೊರಟೆ. ಬಾಗಿಲಲ್ಲಿ ಯಾವುದೋ ಶಾಲೆಯ ಮಕ್ಕಳು ಮುತ್ತಿಕೊಂಡಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಬಿಳಿಕಲ್ಲನ್ನೇ ಎತ್ತಿಕೊಂಡು, ಇದನ್ನು ಮಾಡಿದ್ದು ಯಾರು ಎಂದು ತೆಲುಗಿನಲ್ಲಿ ಕೇಳಿದಳು.

ಮಲ್ಲಣ್ಣ ನನ್ನ ಕಡೆ ನೋಡಿದ. ಬಿಳಿಕಲ್ಲನ್ನು ತನ್ನದೆನ್ನದಿರುವುದು ಹದಿನೈದು ವರ್ಷದ ಅಭ್ಯಾಸ. ಹೇಳು ಎಂದು ತಲೆಯಾಡಿಸಿದೆ.

"ನೇನೇ ಚೇಸಿನ" ಎಂದ.